ಹಣೆಪಟ್ಟಿ ಅಂಟಿಸುವ ಮುನ್ನ



ಮೊಬೈಲಿನಲ್ಲಿ ಬರುವ ಸಂದೇಶಗಳಲ್ಲಿ 'ಇಸ್ಲಾಮೋಫ್ಯಾಸಿಸಂ' ಎಂಬ ಪದ ಆಗಾಗ ಕಣ್ಣಿಗೆ ಬೀಳುತ್ತದೆ. ಎಲ್ಲಾದರೂ ಬಾಂಬು ಸಿಡಿದ ಸುದ್ದಿ ಬಂದರೆ ಅದರ ಬೆನ್ನಿಗೇ ಈ ಪದವೂ ಬರುತ್ತದೆ. ಇದರ ಅರ್ಥವೇನು, ನಾವು ಇದನ್ನು ಬಳಸಬಹುದೇ ಎಂದು ನಮ್ಮ ಯುವಜನರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಒಂದು ಧರ್ಮದ ಹೆಸರನ್ನೂ ಒಂದು ಘೋರ ರಾಜಕೀಯದ ಹೆಸರನ್ನೂ ಒಂದೇ ದಾರದಲ್ಲಿ ಕಟ್ಟುವಾಗ ಕೊಂಚ ನಿಂತು ಯೋಚಿಸುವುದು ಒಳ್ಳೆಯದು.

ಮೊದಲು ಫ್ಯಾಸಿಸಂ ಎಂದರೇನು ಎಂಬುದನ್ನು ನೋಡೋಣ. ಇದು ಇಟಲಿಯಲ್ಲಿ ಹುಟ್ಟಿದ ಪದ. ಕಟ್ಟು ಅಥವಾ ಕಂತೆ ಎಂಬ ಅರ್ಥದ ಮಾತೇ ಇದರ ಮೂಲ. ಪ್ರಾಚೀನ ರೋಮಿನಲ್ಲಿ ಅಧಿಕಾರಿಗಳ ಮುಂದೆ ಕೊಡಲಿ ಸೇರಿಸಿ ಕಟ್ಟಿದ ಕೋಲುಗಳ ಕಂತೆಯನ್ನು ಹೊತ್ತು ನಡೆಯುತ್ತಿದ್ದರು. 1919ರ ಮಾರ್ಚ್ ತಿಂಗಳಲ್ಲಿ ಬೆನಿಟೊ ಮುಸೊಲಿನಿ ಮಿಲಾನ್ ನಗರದಲ್ಲಿ ಆರಂಭಿಸಿದ ಚಳವಳಿಗೆ ಈ ಹೆಸರು ಬಂತು. 1922ರ ಅಕ್ಟೋಬರಿನಲ್ಲಿ ಆತ ಅಧಿಕಾರಕ್ಕೇರಿದ. ರಾಷ್ಟ್ರವೇ ಸರ್ವಸ್ವ, ನಾಯಕನ ಮಾತೇ ಅಂತಿಮ, ಎದುರು ಮಾತನಾಡಿದವನಿಗೆ ಏಟು ಅಥವಾ ಸೆರೆಮನೆ – ಇದು ಅದರ ಸಾರ. ಮುಂದೆ ಜರ್ಮನಿಯ ಹಿಟ್ಲರ್ ಇದನ್ನೇ ಇನ್ನೂ ಭೀಕರವಾಗಿ ನಡೆಸಿದ. ಆನಂತರ ಈ ಪದ ಬರೀ ಬೈಗುಳವಾಯಿತು. ಯಾರನ್ನು ಕಂಡರಾಗದೋ ಅವರನ್ನೆಲ್ಲ ಫ್ಯಾಸಿಸ್ಟ್ ಎನ್ನುವುದರಿಂದ ಪದಕ್ಕೆ ಅರ್ಥವೇ ಉಳಿದಿಲ್ಲವೆಂದು ಆಂಗ್ಲ ಲೇಖಕ ಜಾರ್ಜ್ ಆರ್ವೆಲ್ 1944ರಲ್ಲಿಯೇ ಬರೆದಿದ್ದರು.

ಇದನ್ನು ಇಸ್ಲಾಮಿನೊಂದಿಗೆ ಜೋಡಿಸಿದ್ದು ಯಾವಾಗ? 1978ರಲ್ಲಿ ಇರಾನಿನ ಕ್ರಾಂತಿ ನಡೆಯುತ್ತಿದ್ದಾಗ ಫ್ರಾನ್ಸಿನ ವಿದ್ವಾಂಸ ಮ್ಯಾಕ್ಸಿಮ್ ರೋಡಿನ್ಸನ್, ಅಲ್ಲಿ ಒಂದು ಬಗೆಯ ಪುರಾತನ ಫ್ಯಾಸಿಸಂ ತಲೆಯೆತ್ತಬಹುದೆಂದು ಎಚ್ಚರಿಸಿದ್ದರು. 1990ರಲ್ಲಿ ಬ್ರಿಟನ್ನಿನ ಲೇಖಕ ಮಲೀಸ್ ರುತ್ವೆನ್ ಪತ್ರಿಕೆಯೊಂದರಲ್ಲಿ ಈ ಜೋಡಿಪದವನ್ನೇ ಬಳಸಿದರು. ಅವರ ಮನಸ್ಸಿನಲ್ಲಿದ್ದದ್ದು ಬಾಂಬು ಹಾಕುವವರಲ್ಲ. ಮುಸ್ಲಿಂ ದೇಶಗಳ ಸರ್ವಾಧಿಕಾರಿ ಸರ್ಕಾರಗಳು. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕಿನ ಗೋಪುರಗಳು ಉರುಳಿದ ಮೇಲೆ ಪದದ ಗುರಿ ಬದಲಾಯಿತು. ಕ್ರಿಸ್ಟೋಫರ್ ಹಿಚನ್ಸ್ ಮುಂತಾದ ಬರಹಗಾರರು ಅಲ್-ಖೈದಾದಂಥ ಗುಂಪುಗಳಿಗೆ ಫ್ಯಾಸಿಸಂ ಎಂಬ ಹೆಸರನ್ನಿಟ್ಟರು. ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ದಾಳಿಯಾದ ಆರೇ ದಿನಗಳಲ್ಲಿ ವಾಷಿಂಗ್ಟನ್ನಿನ ಮಸೀದಿಗೆ ಹೋಗಿ ಇಸ್ಲಾಂ ಶಾಂತಿಯ ಧರ್ಮವೆಂದು ಹೇಳಿದ್ದರು. ಅವರೇ 2006ರ ಆಗಸ್ಟ್ 10ರಂದು, ವಿಮಾನಗಳನ್ನು ಸ್ಫೋಟಿಸುವ ಸಂಚು ಬ್ರಿಟನ್ನಿನಲ್ಲಿ ಬಯಲಾದಾಗ, ತಮ್ಮ ದೇಶ ಇಸ್ಲಾಮಿಕ್ ಫ್ಯಾಸಿಸ್ಟರೊಂದಿಗೆ ಯುದ್ಧದಲ್ಲಿದೆ ಎಂದರು. ಅಲ್ಲಿನ ಮುಸ್ಲಿಂ ಸಂಘಟನೆಗಳು ಪ್ರತಿಭಟಿಸಿದವು. 2008ರಲ್ಲಿ ಅಮೆರಿಕದ ಭಯೋತ್ಪಾದನಾ ನಿಗ್ರಹ ಕೇಂದ್ರವೇ ತನ್ನ ಅಧಿಕಾರಿಗಳಿಗೆ ಈ ಪದವನ್ನು ಬಳಸಬೇಡಿರೆಂದು ಸಲಹೆಯಿತ್ತಿತು. ಭಯೋತ್ಪಾದಕರನ್ನು ಎದುರಿಸಲು ಯಾರ ಸಹಕಾರ ಬೇಕೋ ಅವರ ಮನಸ್ಸನ್ನೇ ಇದು ನೋಯಿಸುತ್ತದೆ ಎಂಬುದು ಅದರ ಕಾರಣ.

ಪದವನ್ನು ಸಮರ್ಥಿಸುವವರ ವಾದವನ್ನೂ ನ್ಯಾಯವಾಗಿ ಕೇಳೋಣ. ಈ ಗುಂಪುಗಳು ಫ್ಯಾಸಿಸ್ಟರಂತೆಯೇ ಕೊಲೆಯನ್ನು ಮೆರೆಸುತ್ತವೆ, ಕಳೆದುಹೋದ ವೈಭವದ ಕನಸು ಬಿತ್ತುತ್ತವೆ, ಯೆಹೂದ್ಯರನ್ನು ದ್ವೇಷಿಸುತ್ತವೆ, ಸ್ತ್ರೀಯರನ್ನು ತುಳಿಯುತ್ತವೆ, ಪ್ರಶ್ನಿಸುವವನನ್ನು ಬದುಕಗೊಡುವುದಿಲ್ಲ. ಇಷ್ಟಿರುವಾಗ ಕಟುವಾದ ಹೆಸರಿಡಲು ಅಂಜುವುದೇಕೆ ಎಂಬುದು ಅವರ ಪ್ರಶ್ನೆ. ಇದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ.

ಆದರೆ ಹೋಲಿಕೆ ಬೇರೆ, ಒಂದೇ ಆಗಿರುವುದು ಬೇರೆ. ಫ್ಯಾಸಿಸಂ ತನ್ನ ರಾಷ್ಟ್ರವನ್ನೇ ದೇವರ ಪೀಠದಲ್ಲಿ ಕೂರಿಸಿತು. ಈ ಗುಂಪುಗಳಾದರೋ ರಾಷ್ಟ್ರಗಳ ಗಡಿಗಳನ್ನೇ ಅಳಿಸಿ ಖಿಲಾಫತ್ ಸ್ಥಾಪಿಸಬೇಕೆನ್ನುತ್ತವೆ. ಫ್ಯಾಸಿಸಂ ಹುಟ್ಟಿದ್ದು ಸೋತು ಸೊರಗಿದ ಪ್ರಜಾಪ್ರಭುತ್ವಗಳಲ್ಲಿ. ಇವು ಬೆಳೆದದ್ದು ಪ್ರಜಾಪ್ರಭುತ್ವವೇ ನೆಲೆಯೂರದ ನಾಡುಗಳಲ್ಲಿ. ಫ್ಯಾಸಿಸಂ ಕುರಿತು 2004ರಲ್ಲಿ ಪ್ರಸಿದ್ಧ ಗ್ರಂಥ ಬರೆದ ಇತಿಹಾಸಕಾರ ರಾಬರ್ಟ್ ಪ್ಯಾಕ್ಸ್‌ಟನ್ ಅವರೂ ಈ ಹೆಸರನ್ನು ಒಪ್ಪುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಈ ಜೋಡಿಪದ ಕೊಲೆಗಾರನ ಹೆಸರು ಹೇಳುವುದಿಲ್ಲ. ಕೋಟ್ಯಂತರ ಜನರು ದಿನಕ್ಕೆ ಐದು ಬಾರಿ ಪ್ರಾರ್ಥಿಸುವ ಧರ್ಮದ ಹೆಸರನ್ನು ಹೇಳುತ್ತದೆ.

ಈ ನೋವು ಕಥೋಲಿಕರಾದ ನಮಗೆ ಬೇಗನೆ ಅರ್ಥವಾಗಬೇಕು. ಏಕೆಂದರೆ ಇಂಥದೇ ಹಣೆಪಟ್ಟಿ ಮೊದಲು ಅಂಟಿದ್ದು ನಮಗೇ. ಮುಸೊಲಿನಿಯನ್ನು ಬೆಂಬಲಿಸಿದ ಇಟಲಿಯ ಕಥೋಲಿಕರನ್ನು 1920ರ ದಶಕದಲ್ಲಿಯೇ 'ಪಾದ್ರಿ ಫ್ಯಾಸಿಸ್ಟರು' ಎಂಬರ್ಥದ ಹೆಸರಿನಿಂದ ಕರೆದರು. ಅದು ಬರೀ ಸುಳ್ಳು ಆರೋಪವೂ ಆಗಿರಲಿಲ್ಲ. ಸ್ಲೊವಾಕಿಯಾದಲ್ಲಿ ಯೋಜೆಫ್ ಟಿಸೊ ಎಂಬ ಯಾಜಕರೇ 1939ರಿಂದ 1945ರವರೆಗೆ ಅಧ್ಯಕ್ಷರಾಗಿದ್ದರು, ಹಿಟ್ಲರನ ಮಿತ್ರರಾಗಿದ್ದರು. 1942ರಲ್ಲಿ ಅವರ ಸರ್ಕಾರ ಸುಮಾರು 58,000 ಯೆಹೂದ್ಯರನ್ನು ರೈಲುಗಳಲ್ಲಿ ತುಂಬಿ ನಾಜಿಗಳಿಗೆ ಒಪ್ಪಿಸಿತು. ಹಾಗೆ ಹೋದವರಲ್ಲಿ ಬದುಕಿ ಬಂದವರು ತೀರ ಕಡಿಮೆ. 1947ರಲ್ಲಿ ಟಿಸೊ ಅವರನ್ನು ಗಲ್ಲಿಗೇರಿಸಲಾಯಿತು.

ಇದನ್ನು ಮುಚ್ಚಿಡುವುದು ಬೇಡ. ಆದರೆ ಇದೇ ಕಾರಣಕ್ಕೆ ಯಾರಾದರೂ ನಮ್ಮ ಧರ್ಮಸಭೆಗೇ ಫ್ಯಾಸಿಸ್ಟ್ ಎಂದು ಹೆಸರಿಟ್ಟರೆ ನಾವೇನು ಹೇಳುತ್ತೇವೆ? ಮುಸೊಲಿನಿಯನ್ನು ಎದುರಿಸಿ 1924ರಲ್ಲಿ ದೇಶ ಬಿಡಬೇಕಾಗಿ ಬಂದ ಯಾಜಕ ಲುಯಿಜಿ ಸ್ತುರ್ಜೊ ಅವರನ್ನು ನೋಡಿ ಎನ್ನುತ್ತೇವೆ. 1931ರಲ್ಲಿ ಫ್ಯಾಸಿಸ್ಟರ ವಿರುದ್ಧ, 1937ರಲ್ಲಿ ನಾಜಿಗಳ ವಿರುದ್ಧ ವಿಶ್ವಪತ್ರ ಬರೆದ ಪೋಪ್ ಹನ್ನೊಂದನೇ ಪಯಸ್ ಅವರನ್ನು ನೋಡಿ ಎನ್ನುತ್ತೇವೆ. ನಾಜಿ ಪ್ರಚಾರವನ್ನು ಅಚ್ಚು ಹಾಕಬೇಡಿರೆಂದು ಹಾಲೆಂಡಿನ ಕಥೋಲಿಕ ಪತ್ರಿಕೆಗಳ ಸಂಪಾದಕರನ್ನು ಕಂಡು ಬೇಡಿದ್ದಕ್ಕೆ ಸೆರೆಯಾಗಿ, 1942ರಲ್ಲಿ ಡಾಖಾವ್ ಶಿಬಿರದಲ್ಲಿ ಪ್ರಾಣಬಿಟ್ಟ ಸಂತ ಟೈಟಸ್ ಬ್ರಾಂಡ್ಸ್ಮಾ ಅವರನ್ನು ನೋಡಿ ಎನ್ನುತ್ತೇವೆ. ಟಿಸೊ ಒಬ್ಬರನ್ನು ಹಿಡಿದು ನಮ್ಮೆಲ್ಲರನ್ನೂ ಅಳೆಯಬೇಡಿರೆಂದು ಕೇಳುತ್ತೇವೆ. ಹಾಗಾದರೆ ಅದೇ ಅಳತೆಗೋಲು ನೆರೆಯವರಿಗೂ ಬೇಡವೇ? ಬ್ರಾಂಡ್ಸ್ಮಾ ಅವರು ತೀರಿಕೊಂಡ ಅದೇ ಡಾಖಾವ್‌ನಲ್ಲಿ 1944ರ ಸೆಪ್ಟೆಂಬರಿನಲ್ಲಿ ನಾಜಿಗಳು ನೂರ್ ಇನಾಯತ್ ಖಾನ್ ಎಂಬ ಯುವತಿಯನ್ನು ಗುಂಡಿಟ್ಟು ಕೊಂದರು. ಫ್ಯಾಸಿಸಂ ವಿರುದ್ಧ ಗುಪ್ತವಾಗಿ ದುಡಿದ ಆಕೆ ಮುಸ್ಲಿಂ ಹೆಣ್ಣುಮಗಳು. ನಮ್ಮ ಮೈಸೂರಿನ ಟಿಪ್ಪು ಸುಲ್ತಾನರ ವಂಶದವಳು.

ಕ್ರೈಸ್ತರು ಪಟ್ಟ ಪಾಡನ್ನು ಮರೆತು ಹೀಗೆ ಬರೆಯುತ್ತಿಲ್ಲ. 2014ರ ಜುಲೈನಲ್ಲಿ ಇರಾಕಿನ ಮೊಸುಲ್ ಪಟ್ಟಣದಲ್ಲಿ ಐಸಿಸ್ ಉಗ್ರರು ಕ್ರೈಸ್ತರ ಮನೆಗಳ ಗೋಡೆಗೆ 'ನೂನ್' ಎಂಬ ಅರಬಿ ಅಕ್ಷರ ಬಳಿದರು. ಕ್ರೈಸ್ತರನ್ನು ಕರೆಯುವ 'ನಸಾರಾ' ಎಂಬ ಪದದ ಮೊದಲ ಅಕ್ಷರ ಅದು. ಮತಾಂತರವಾಗಿ, ತೆರಿಗೆ ಕೊಡಿ, ಊರು ಬಿಡಿ, ಇಲ್ಲವೇ ಸಾಯಿರಿ ಎಂದರು. 2016ರ ಜುಲೈ 26ರಂದು ಫ್ರಾನ್ಸಿನಲ್ಲಿ 85 ವರ್ಷದ ಫಾದರ್ ಝಾಕ್ ಹಾಮೆಲ್ ಅವರನ್ನು ಬಲಿಪೂಜೆಯ ವೇಳೆಯಲ್ಲೇ ಕತ್ತು ಕೊಯ್ದು ಕೊಂದರು. 2019ರ ಪಾಸ್ಖ ಭಾನುವಾರ ಶ್ರೀಲಂಕಾದ ಮೂರು ಚರ್ಚುಗಳಲ್ಲಿಯೂ ಹೋಟೆಲುಗಳಲ್ಲಿಯೂ 260ಕ್ಕೂ ಹೆಚ್ಚು ಜನ ಸತ್ತರು. ಇವನ್ನು ನೆನೆದಾಗ ಕೋಪ ಬರುವುದು ಸಹಜ. ಈ ಕೃತ್ಯಗಳನ್ನು ಖಂಡಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಆದರೆ ಈ ಘಟನೆಗಳ ಮುಂದಿನ ಕಥೆಯನ್ನೂ ಕೇಳಿರಿ. ಫಾದರ್ ಹಾಮೆಲ್ ಅವರ ಕೊಲೆಯಾದ ಮರು ಭಾನುವಾರ ಫ್ರಾನ್ಸಿನ ಅನೇಕ ಚರ್ಚುಗಳಿಗೆ ಮುಸ್ಲಿಮರು ಬಂದು ಬಲಿಪೂಜೆಯಲ್ಲಿ ಕುಳಿತು ದುಃಖ ಹಂಚಿಕೊಂಡರು. ಇಸ್ಲಾಮನ್ನು ಹಿಂಸೆಯೊಂದಿಗೆ ಒಂದಾಗಿಸುವುದು ಸರಿಯಲ್ಲವೆಂದು ಪೋಪ್ ಫ್ರಾನ್ಸಿಸ್ ಅದೇ ದಿನ ಹೇಳಿದರು. ಶ್ರೀಲಂಕಾದಲ್ಲಿ ಬಾಂಬು ಹಾಕಿದ ಗುಂಪಿನ ನಾಯಕನ ಬಗ್ಗೆ ಅಲ್ಲಿನ ಮುಸ್ಲಿಂ ಮುಖಂಡರೇ ಮೊದಲೇ ಎಚ್ಚರಿಕೆ ಕೊಟ್ಟಿದ್ದರು. ಹಾಗಿದ್ದರೂ ಮುಂದಿನ ತಿಂಗಳು ಗುಂಪುಗಳು ಮುಸ್ಲಿಮರ ಅಂಗಡಿ, ಮಸೀದಿಗಳ ಮೇಲೆ ಬಿದ್ದವು. ಎಚ್ಚರಿಸಿದವನಿಗೂ ಕೊಂದವನಿಗೂ ಒಂದೇ ಹಣೆಪಟ್ಟಿ ಅಂಟಿಸಿದರೆ ಆಗುವುದು ಇದೇ.

ಕೀನ್ಯಾದ ಒಂದು ಘಟನೆ ಇನ್ನೂ ದೊಡ್ಡದು. 2015ರ ಡಿಸೆಂಬರ್ 21ರಂದು ಮಂಡೇರಾ ಕಡೆಗೆ ಹೋಗುತ್ತಿದ್ದ ಬಸ್ಸನ್ನು ಅಲ್-ಶಬಾಬ್ ಬಂದೂಕುಧಾರಿಗಳು ತಡೆದರು. ಮುಸ್ಲಿಮರು ಒಂದು ಕಡೆ, ಕ್ರೈಸ್ತರು ಇನ್ನೊಂದು ಕಡೆ ನಿಲ್ಲಬೇಕೆಂದರು. ಮುಸ್ಲಿಂ ಪ್ರಯಾಣಿಕರು ಒಪ್ಪಲಿಲ್ಲ. ಗುರುತು ಸಿಗದಿರಲೆಂದು ಹೆಂಗಸರು ತಮ್ಮ ತಲೆವಸ್ತ್ರಗಳನ್ನು ಕ್ರೈಸ್ತ ಹೆಂಗಸರಿಗೆ ಕೊಟ್ಟರು. ಕೊಲ್ಲುವುದಾದರೆ ಎಲ್ಲರನ್ನೂ ಕೊಲ್ಲಿರಿ ಎಂದರು. ಅಂದು ಗುಂಡೇಟು ತಿಂದ ಸಲಾಹ್ ಫರಾಹ್ ಎಂಬ ಮುಸ್ಲಿಂ ಶಿಕ್ಷಕರು ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ತೀರಿಕೊಂಡರು. ಗುಂಡು ಹಾರಿಸಿದವರೂ ಗುಂಡಿಗೆ ಎದೆಯೊಡ್ಡಿದವರೂ ಇಸ್ಲಾಮಿನ ಹೆಸರನ್ನೇ ಹೇಳುವವರು. ಇಬ್ಬರನ್ನೂ ಒಂದೇ ಮಾತಿನಲ್ಲಿ ಹೇಳುವ ಪದ ನಮಗೆ ಯಾವ ಸತ್ಯವನ್ನು ತಿಳಿಸೀತು?

ಗಡಿನಾಡಿನಲ್ಲಿ ಬಾಳುವ ನಮಗೆ ಹಣೆಪಟ್ಟಿಯ ಕಷ್ಟ ಹೊಸದಲ್ಲ. ಇಲ್ಲಿ ನಮ್ಮನ್ನು ಕನ್ನಡದವರು ಎನ್ನುತ್ತಾರೆ; ಬೆಂಗಳೂರಿಗೆ ಹೋದರೆ ಹೊರರಾಜ್ಯದವರು ಎನ್ನುತ್ತಾರೆ. ಎರಡು ಕಡೆಯೂ ನಮ್ಮ ಹೆಸರು ಕೇಳುವ ಮೊದಲೇ ತೀರ್ಪು ಮುಗಿದಿರುತ್ತದೆ. ನಮ್ಮ ಪಕ್ಕದ ಅಂಗಡಿಯ ಕಾಕಾ, ಮಕ್ಕಳ ಶಾಲೆಯ ಮುಸ್ಲಿಂ ಟೀಚರ್, ರಾತ್ರಿ ಹೊತ್ತಿನಲ್ಲಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವ ಜೀಪಿನ ಡ್ರೈವರ್ – ಇವರಿಗೂ ಹಾಗೆಯೇ ಅನ್ನಿಸುವುದಿಲ್ಲವೇ?

ಆದ್ದರಿಂದ ನಮ್ಮ ಕುಟುಂಬಗಳಲ್ಲಿ ಮೂರು ಮಾತು ಪಾಲಿಸೋಣ. ಮೊದಲನೆಯದು, ದುಷ್ಕೃತ್ಯ ನಡೆದಾಗ ಮಾಡಿದವನ ಹೆಸರು, ಅವನ ಗುಂಪಿನ ಹೆಸರು ಹೇಳೋಣ. ಅವನ ಧರ್ಮದವರೆಲ್ಲರ ಹೆಸರು ಬೇಡ. ಎರಡನೆಯದು, ಬಂದ ಸಂದೇಶವನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ, ಇದೇ ಮಾತನ್ನು ನಮ್ಮ ಬಗ್ಗೆ ಬರೆದಿದ್ದರೆ ನ್ಯಾಯವೆನ್ನುತ್ತಿದ್ದೆವೇ ಎಂದು ಕೇಳಿಕೊಳ್ಳೋಣ. ಮೂರನೆಯದು, ಮಕ್ಕಳ ಮುಂದೆ ಆಡುವ ಮಾತಿನಲ್ಲಿ ಎಚ್ಚರವಿರಲಿ. ದೊಡ್ಡವರು ಊಟದ ಹೊತ್ತಿಗೆ ಹಗುರವಾಗಿ ಆಡಿದ ಪದವನ್ನೇ ಮಕ್ಕಳು ಶಾಲೆಯಲ್ಲಿ ಗೆಳೆಯನ ಮುಖಕ್ಕೆ ಹೇಳಿಬಿಡುತ್ತಾರೆ.

ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯನ್ನು ಧರ್ಮೋಪದೇಶದ ತರಗತಿಯಲ್ಲಿ ಎಲ್ಲರೂ ಕಲಿತಿದ್ದೇವೆ. ಅದು ನ್ಯಾಯಾಲಯದ ಕಟಕಟೆಗೆ ಮಾತ್ರ ಸೇರಿದ್ದಲ್ಲ. ನೆರೆಯವನು ಮಾಡದ ತಪ್ಪನ್ನು ಒಂದೇ ಪದದಲ್ಲಿ ಅವನ ತಲೆಗೆ ಕಟ್ಟುವುದೂ ಸುಳ್ಳುಸಾಕ್ಷಿಯೇ. ಮೊಸುಲ್‌ನಲ್ಲಿ ನಮ್ಮವರ ಮನೆಯ ಗೋಡೆಗೆ ಬಳಿದ ಅಕ್ಷರವನ್ನು ಕಂಡು ಅತ್ತವರು ನಾವು. ಬೇರೆಯವರ ಮನೆಯ ಗೋಡೆಗೆ ಅಂಥ ಅಕ್ಷರ ಬಳಿಯುವ ಕೈ ನಮ್ಮದಾಗದಿರಲಿ.