ಕಾಕಾನ ನೋಟ್‌ಬುಕ್ಕುಗಳು ಎಲ್ಲಿವೆ, ಸಾಹೇಬರೇ?

ಸನ್ಮಾನ್ಯ ಅಧಿಕಾರಿಗಳೇ,

ಇಲ್ಲಿರುವುದನ್ನೆಲ್ಲ ಮೊದಲು ನಿಮ್ಮ ಕಚೇರಿಗೇ ಬರೆದಿದ್ದೆ. ಅಂಚೆಯಲ್ಲಿ ಕಳಿಸಿದ್ದಕ್ಕೆ ರಸೀದಿ ಇದೆ, ಕೈಯಾರೆ ಕೊಟ್ಟ ಪ್ರತಿಯ ಮೇಲೆ ನಿಮ್ಮ ಟಪಾಲು ವಿಭಾಗದ ಮೊಹರು ಇದೆ. ಉತ್ತರ ಮಾತ್ರ ಇಲ್ಲ. ಅದಕ್ಕೇ ಹತ್ತು ಜನ ಓದುವ ಕಡೆ ಬರೆಯುತ್ತಿದ್ದೇನೆ. ನಿಮ್ಮ ಹೆಸರು, ಹುದ್ದೆ ಎರಡನ್ನೂ ಬಿಟ್ಟಿದ್ದೇನೆ. ಹಳಿಯಾಳದ ಸಭೆಯಲ್ಲಿ ಕೂತಿದ್ದ ಮಾಜಿ ಸೈನಿಕರಿಗೆಲ್ಲ ಅವು ಗೊತ್ತು, ನಿಮಗೂ ಗೊತ್ತು. ನಿಮ್ಮ ಮಾನ ತೆಗೆದು ನನಗೆ ಆಗಬೇಕಾದದ್ದೇನೂ ಇಲ್ಲ. ನನಗೆ ಬೇಕಾದದ್ದು ನಮ್ಮ ಕಾಕಾನ ನೋಟ್‌ಬುಕ್ಕು.

ನಡೆದದ್ದು ಇಷ್ಟು. ಆ ಸಭೆಯಲ್ಲಿ ನೀವು ಮೈಕಿನ ಮುಂದೆ ನಿಂತು, ಈ ಜಿಲ್ಲೆಯ ನಾವಿಕರ ನೆನಪುಗಳನ್ನು ಕನ್ನಡದಲ್ಲೇ ಪುಸ್ತಕ ಮಾಡುತ್ತೇವೆ, ಡಿಸೆಂಬರ್ 8ರ ಜಲಾಂತರ್ಗಾಮಿ ದಿನದೊಳಗೆ ತರುತ್ತೇವೆ ಎಂದಿರಿ. ಯಾರ ಹತ್ತಿರ ಏನು ಬರೆದಿಟ್ಟಿದ್ದು ಇದ್ದರೂ ಕೊಡಿ, ತಿಂಗಳೊಳಗೆ ಪ್ರತಿ ತೆಗೆದು ವಾಪಸ್ ಕೊಡುವುದು ನನ್ನ ಜವಾಬ್ದಾರಿ ಎಂದಿರಿ. ‘ನನ್ನ ಜವಾಬ್ದಾರಿ’ ಎಂಬ ಮಾತು ನಿಮ್ಮದೇ. ಕಾಕಾ ಎದ್ದು ಬಂದು ಎರಡು ದಪ್ಪ ರಟ್ಟಿನ ನೋಟ್‌ಬುಕ್ಕುಗಳನ್ನು ನಿಮ್ಮ ಕೈಗೇ ಕೊಟ್ಟರು. ನೀವು ಅವರಿಗೆ ಶಾಲು ಹೊದಿಸಿದಿರಿ, ಫೋಟೋ ಆಯಿತು. ಮುಂದಿನ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಕೊನೆಯ ವಾರಗಳಲ್ಲೂ “ಪುಸ್ತಕ ಬಂತೇನಪಾ?” ಎಂದೇ ಕೇಳುತ್ತಿದ್ದರು. ಬಂದಿರಲಿಲ್ಲ. ಈಗಲೂ ಬಂದಿಲ್ಲ.

ಕಾಕಾ ಎಂದರೆ ನನ್ನ ರಕ್ತಸಂಬಂಧಿಯಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆ ನೌಕಾಪಡೆ ಸೇರಿ ಬಂದ ನಮಗೆಲ್ಲ ಅವರು ಕಾಕಾ. ಅವರು ದುಡಿದದ್ದು ಹಳೆಯ ವಾಗ್ಶೀರ್‌ನಲ್ಲಿ. ಹೊಸದಲ್ಲ, 1974ರಲ್ಲಿ ಸೇವೆಗೆ ಬಂದು 1997ರಲ್ಲಿ ನಿವೃತ್ತವಾದ ರಷ್ಯಾದ ಫಾಕ್ಸ್‌ಟ್ರಾಟ್ ವರ್ಗದ ಡೀಸೆಲ್ ಸಬ್‌ಮರೀನು. ನಾನು ಸೇರುವ ಹೊತ್ತಿಗೆ ಸಿಂಧು ವರ್ಗದ ಬೋಟುಗಳು ಬಂದಿದ್ದವು. ಕಾಕಾನ ಕಾಲದ ಕಷ್ಟದ ಅರ್ಧವನ್ನೂ ನಾನು ಕಂಡಿಲ್ಲ.

ಆ ನೋಟ್‌ಬುಕ್ಕಿನಲ್ಲಿ ಏನಿತ್ತು ಎಂದು ನಾನು ಹೇಳಬಲ್ಲೆ, ಯಾಕೆಂದರೆ ಓದಿದ್ದೇನೆ. ನೀವು ಓದಿಲ್ಲ ಎಂದೂ ಹೇಳಬಲ್ಲೆ. ಓದಿದ್ದರೆ ನಿಮ್ಮ ಸಿಬ್ಬಂದಿಯ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಕಾಕಾ ಎಂಜಿನ್ ವಿಭಾಗದವರು. ಫಾಕ್ಸ್‌ಟ್ರಾಟ್‌ನಲ್ಲಿ ಮೂರು ಡೀಸೆಲ್ ಎಂಜಿನ್ನು, ಮೂರು ಪ್ರೊಪೆಲ್ಲರು. ಸುಮಾರು 91 ಮೀಟರ್ ಉದ್ದದ ಕಬ್ಬಿಣದ ಕೊಳವೆಯನ್ನು ಏಳು ವಿಭಾಗ ಮಾಡಿ, ಎಪ್ಪತ್ತೈದರಷ್ಟು ಜನರನ್ನು, ಇಪ್ಪತ್ತೆರಡು ಟಾರ್ಪಿಡೋಗಳನ್ನು, 448 ಬ್ಯಾಟರಿ ಸೆಲ್ಲುಗಳನ್ನು ಅದರೊಳಗೆ ತುಂಬಿದ್ದರು. ಮಲಗುವ ಜಾಗದ ಹಲಗೆ ಎತ್ತಿದರೆ ಕೆಳಗೆ ಬ್ಯಾಟರಿ. ಮುಂದಿನ ವಿಭಾಗದವರಿಗೆ ಟಾರ್ಪಿಡೋಗಳೇ ನೆರೆಹೊರೆ. ಒಬ್ಬ ಪಾಳಿ ಮುಗಿಸಿ ಬಂದರೆ, ಪಾಳಿಗೆ ಎದ್ದು ಹೋದವನ ಮೈಬಿಸಿ ಆರದ ಹಾಸಿಗೆಯಲ್ಲೇ ಮಲಗಬೇಕು. ಸಿಹಿನೀರು ಕುಡಿಯಲಿಕ್ಕೆ, ಅಡುಗೆಗೆ. ಸ್ನಾನವಿಲ್ಲ, ಗಡ್ಡ ತೆಗೆಯುವಂತಿಲ್ಲ. ಬಟ್ಟೆ, ಕೂದಲು, ರೊಟ್ಟಿ, ಎಲ್ಲಕ್ಕೂ ಡೀಸೆಲ್ ವಾಸನೆ. ರಜೆಯ ಮೇಲೆ ಬಂದು ಮೂರು ಸಲ ಮಿಂದರೂ ಅವರ ಹೆಂಡತಿ, ನಮ್ಮ ಕಾಕು, ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ. ಅದನ್ನೂ ಕಾಕಾ ಬರೆದಿದ್ದರು.

ಡೀಸೆಲ್ ಸಬ್‌ಮರೀನು ನೀರಿನಡಿ ಬ್ಯಾಟರಿಯ ಮೇಲೆ ಓಡುತ್ತದೆ. ಬ್ಯಾಟರಿ ಇಳಿದಾಗ ಮೇಲಕ್ಕೆ, ಪೆರಿಸ್ಕೋಪ್ ನೀರಿನಿಂದ ಇಣುಕುವಷ್ಟು ಎತ್ತರಕ್ಕೆ ಬಂದು, ಗಾಳಿ ಎಳೆಯುವ ಕೊಳವೆಯನ್ನು ಹೊರಚಾಚಿ ಎಂಜಿನ್ ಹಚ್ಚಬೇಕು. ಇದಕ್ಕೆ ಸ್ನಾರ್ಟಿಂಗ್ ಎನ್ನುತ್ತೇವೆ. ಶತ್ರುವಿನ ಕಣ್ಣಿಗೆ, ರಾಡಾರಿಗೆ ಸಿಕ್ಕಿಬೀಳುವ ಗಳಿಗೆ ಅದೇ. ಆದ್ದರಿಂದ ಹೆಚ್ಚಾಗಿ ರಾತ್ರಿ ಹೊತ್ತು. ಸಮುದ್ರ ಒರಟಾಗಿ ಕೊಳವೆಯ ಬಾಯಿಗೆ ಅಲೆ ಬಡಿದರೆ ಕವಾಟ ತಟಕ್ಕನೆ ಮುಚ್ಚಿಕೊಳ್ಳುತ್ತದೆ. ಎಂಜಿನ್ ಮಾತ್ರ ಓಡುತ್ತಲೇ ಇರುತ್ತದೆ, ಒಳಗಿರುವ ಮನುಷ್ಯರ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಕಿವಿ ಒಳಗಿನಿಂದ ಹರಿದುಹೋಗುವಷ್ಟು ನೋವು. ಕವಾಟ ತೆರೆಯಿತು, ಮತ್ತೆ ಮುಚ್ಚಿತು, ಮತ್ತೆ ತೆರೆಯಿತು. ಗಂಟೆಗಟ್ಟಲೆ ಹೀಗೇ. ಎಂಜಿನ್ ವಿಭಾಗದ ಸದ್ದು ಹಿಟ್ಟಿನ ಗಿರಣಿಯ ಬಾಯಿಗೆ ಕಿವಿ ಒಡ್ಡಿದ ಹಾಗೆ. ಅಲ್ಲಿ ಮಾತಿಲ್ಲ, ಎಲ್ಲ ಕೈಸನ್ನೆ. ಕಾಕಾ ಐವತ್ತಕ್ಕೇ ಕಿವುಡರಾದರು. ಆ ದಿನ ನಿಮ್ಮ ಭಾಷಣ ಅವರಿಗೆ ಕೇಳಿಸಿರಲಿಲ್ಲ. ನೀವು ಕೊಟ್ಟ ಮಾತನ್ನು ನಾನು ಅವರ ಅಂಗೈ ಮೇಲೆ ಬೆರಳಿನಿಂದ ಬರೆದು ತೋರಿಸಿದ್ದೆ.

ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಡುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಸೇರಿತೆಂದರೆ ಒಂದು ಕಿಡಿ ಸಾಕು. ಕಾಕಾನ ಎರಡನೇ ನೋಟ್‌ಬುಕ್ಕಿನ ಬಹುಭಾಗ ಇದರ ಕುರಿತೇ ಇತ್ತು: ಗಾಳಿ ಹೇಗೆ ಓಡಿಸುತ್ತಿದ್ದರು, ಮೀಟರ್ ಯಾರು ನೋಡುತ್ತಿದ್ದರು, ಎಳೆ ಹುಡುಗರಿಗೆ ಏನೇನು ಬೈದು ಕಲಿಸುತ್ತಿದ್ದರು. 2014ರ ಫೆಬ್ರವರಿ 26ರಂದು ಮುಂಬೈ ಹತ್ತಿರದ ಸಮುದ್ರದಲ್ಲಿ ಸಿಂಧುರತ್ನ ಸಬ್‌ಮರೀನಿನೊಳಗೆ ಬೆಂಕಿ ಕಾಣಿಸಿ, ಹೊಗೆಯಲ್ಲಿ ಲೆಫ್ಟಿನೆಂಟ್ ಕಮಾಂಡರ್ ಕಪೀಶ್ ಮುವಾಲ್, ಲೆಫ್ಟಿನೆಂಟ್ ಮನೋರಂಜನ್ ಕುಮಾರ್ ಪ್ರಾಣ ಬಿಟ್ಟರು. ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ಹೊಣೆ ಹೊತ್ತು ಅದೇ ದಿನ ರಾಜೀನಾಮೆ ಕೊಟ್ಟರು. ಅದಕ್ಕೂ ಆರು ತಿಂಗಳ ಮುಂಚೆ, 2013ರ ಆಗಸ್ಟ್ 14ರಂದು, ಸಿಂಧುರಕ್ಷಕ ಮುಂಬೈ ಡಾಕ್‌ಯಾರ್ಡಿನಲ್ಲೇ ಸ್ಫೋಟಿಸಿ ಹದಿನೆಂಟು ಜನ ಹೋಗಿದ್ದರು. ಕಾಕಾ ಬರೆಯಲು ಕೂತದ್ದೇ ಈ ಎರಡೂ ದುರಂತಗಳಾದ ಮೇಲೆ. ಸಬ್‌ಮರೀನಿನೊಳಗೆ ಹುಡುಗರು ಹೇಗೆ ಬದುಕಿ ಬರುತ್ತಾರೆಂದು ಊರಿಗೆ ಗೊತ್ತಿರಬೇಕು ಎನ್ನುತ್ತಿದ್ದರು.

ಈಗ ನಿಮ್ಮ ಸಿಬ್ಬಂದಿಯ ಮಾತಿಗೆ ಬರುತ್ತೇನೆ. ನೋಟ್‌ಬುಕ್ಕು ಕೇಳಲು ಹೋದಾಗ, “ಅದರಾಗ ಯುದ್ಧದ ವಿಷಯ ಏನೂ ಇಲ್ಲರೀ, ಬರೇ ಎಣ್ಣಿ, ಊಟ, ನಿದ್ದಿ” ಎಂದರು. ನೀವು ಒಳಗಿನ ಕೋಣೆಯಲ್ಲಿದ್ದಿರಿ, ಬಾಗಿಲು ತೆರೆದಿತ್ತು, ನಿಮಗೆ ಕೇಳಿಸಿದೆ. ತಡೆಯಲಿಲ್ಲ.

ಸಾಹೇಬರೇ, ಡೀಸೆಲ್ ಸಬ್‌ಮರೀನಿನ ಯುದ್ಧವೆಂದರೆ ಅದೇ. ಎಣ್ಣೆ, ಊಟ, ನಿದ್ದೆ, ಮತ್ತು ಕಾಯುವುದು. 1971ರ ಯುದ್ಧದಲ್ಲಿ ನಮ್ಮ ಕುರ್ಸುರ, ಕರಂಜ್ ಸಬ್‌ಮರೀನುಗಳು ಅರಬ್ಬೀ ಸಮುದ್ರದಲ್ಲಿ ಗಸ್ತಿನಲ್ಲಿದ್ದವು. ನಮ್ಮ ಸಬ್‌ಮರೀನುಗಳು ಆ ಯುದ್ಧದಲ್ಲಿ ಒಂದು ಹಡಗನ್ನೂ ಮುಳುಗಿಸಲಿಲ್ಲ. ಹಾಗಂತ ಒಳಗಿದ್ದವರು ಸುಮ್ಮನೆ ಕೂತಿದ್ದರೇ? ಕಾಯುವ ಸಬ್‌ಮರೀನು ಏನು ಮಾಡಬಲ್ಲದೆಂದು ನಮ್ಮ ಖುಕ್ರಿ ಹಡಗಿನಲ್ಲಿ ಹೋದವರ ಮನೆಯವರನ್ನು ಕೇಳಿ. ಅದೇ ವರ್ಷದ ಡಿಸೆಂಬರ್ 9ರಂದು ಪಾಕಿಸ್ತಾನದ ಹ್ಯಾಂಗೋರ್, ಅದೂ ಡೀಸೆಲ್ ಸಬ್‌ಮರೀನೇ, ಹೊಂಚಿ ಕಾದು ಹೊಡೆದ ಟಾರ್ಪಿಡೋಗೆ ಹದಿನೆಂಟು ಅಧಿಕಾರಿಗಳು, 176 ನಾವಿಕರು ಮುಳುಗಿದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗಿನ ಜೊತೆಗೇ ಹೋದರು. ಆ ಕಡೆಯವರು ಬರೆಯಲು ಕೂತರೆ ಅವರೂ ಬರೆಯುವುದು ಬಹುಪಾಲು ಎಣ್ಣೆ, ಊಟ, ನಿದ್ದೆಯನ್ನೇ. ಗುಂಡು ಹಾರಿದರೆ ಮಾತ್ರ ಸೇವೆ ಎನ್ನುವುದಾದರೆ, ಮೂವತ್ತೊಂದು ವರ್ಷ ಸಾಗರದಡಿ ಓಡಾಡಿದ ಕುರ್ಸುರವನ್ನು ವಿಶಾಖಪಟ್ಟಣದವರು ದಡಕ್ಕೆ ಎಳೆದು ತಂದು ಯಾಕೆ ಜೋಪಾನ ಮಾಡಿದರು?

ಇನ್ನೊಂದು ನೆಪವೂ ಬಂತು, ಗೋಪ್ಯ ವಿಷಯವಿರಬಹುದು, ಪರಿಶೀಲನೆ ಆಗಬೇಕು ಎಂದು. ಕುರ್ಸುರವೂ ಫಾಕ್ಸ್‌ಟ್ರಾಟೇ. 2002ರಿಂದ ಅದು ವಸ್ತುಸಂಗ್ರಹಾಲಯ. ಶಾಲೆಯ ಮಕ್ಕಳು ಟಾರ್ಪಿಡೋ ಕೊಳವೆಯಿಂದ ಹಿಡಿದು ಎಂಜಿನ್ ಕೋಣೆಯವರೆಗೆ ನೋಡಿಕೊಂಡು ಬರುತ್ತಾರೆ. ವಿವರಿಸಿ ಹೇಳುವವರು ನಿವೃತ್ತ ನಾವಿಕರೇ. ನಮ್ಮಲ್ಲಿದ್ದ ಕೊನೆಯ ಫಾಕ್ಸ್‌ಟ್ರಾಟ್ ವಾಗ್ಲಿ 2010ರ ಡಿಸೆಂಬರಿನಲ್ಲಿ ಸೇವೆ ಮುಗಿಸಿತು. ವಿಶಾಖಪಟ್ಟಣದಲ್ಲಿ ಮಕ್ಕಳಿಗೆ ತೋರಿಸುವುದನ್ನು ಇಲ್ಲಿಯವರು ಕನ್ನಡದಲ್ಲಿ ಓದಿದರೆ ಯಾವ ಗೋಪ್ಯ ಬಯಲಾಗುತ್ತದೆ? ಅಷ್ಟಕ್ಕೂ ಪರಿಶೀಲನೆಗೆ ಕಳಿಸಿದ್ದರೆ ಯಾರಿಗೆ ಕಳಿಸಿದಿರಿ, ಯಾವ ತಾರೀಖು, ಯಾವ ಜಾವಕ ಸಂಖ್ಯೆ? ಇದನ್ನೂ ಕೇಳಿದ್ದೆ. ಇದಕ್ಕೂ ಉತ್ತರವಿಲ್ಲ.

ಕಾರವಾರದ ಟಾಗೋರ್ ಕಡಲತೀರಕ್ಕೆ ಹೋಗಿ ನೋಡಿ. ಕ್ಷಿಪಣಿ ದೋಣಿ ಚಪಲ್ ಇದೆ. ಪರಮವೀರ ಚಕ್ರ ಪಡೆದ ನಮ್ಮ ಜಿಲ್ಲೆಯ ಮೇಜರ್ ರಾಮಾ ರಾಘೋಬಾ ರಾಣೆಯವರ ಪ್ರತಿಮೆ ಇದೆ. ಈಗ ಟುಪೊಲೆವ್ ವಿಮಾನವೂ ಬಂದಿದೆ, ಸಮುದ್ರದಡಿ ಅಡಗಿದ ಸಬ್‌ಮರೀನುಗಳನ್ನು ಹುಡುಕಲೆಂದೇ ಇದ್ದ ವಿಮಾನ. ನೋಡಿದಾಗ ಎದೆಯುಬ್ಬುತ್ತದೆ. ಸಬ್‌ಮರೀನು ತಂದು ನಿಲ್ಲಿಸಿ ಎಂದು ನಾವು ಕೇಳಲಿಲ್ಲ, ಅದಕ್ಕೆ ಎಷ್ಟು ಹಣ ಬೇಕೆಂದು ನಮಗೆ ಗೊತ್ತು. ಒಂದು ಪುಸ್ತಕ ಕೇಳಿದೆವು. ಕೇಳಿದೆವು ಕೂಡ ಅಲ್ಲ, ನೀವಾಗಿಯೇ ಮೈಕಿನಲ್ಲಿ ಕೊಡುತ್ತೇನೆ ಎಂದಿರಿ.

2025ರ ಡಿಸೆಂಬರ್ 28ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಕಾರವಾರದಿಂದಲೇ ಹೊಸ ವಾಗ್ಶೀರ್ ಹತ್ತಿ ಸಮುದ್ರದಡಿ ಹೋಗಿಬಂದರು. ಕಾಕಾನ ಬೋಟಿನ ಹೆಸರನ್ನೇ ಹೊತ್ತ ಬೋಟು, ನಮ್ಮದೇ ಜಿಲ್ಲೆಯ ಬಂದರು. ಟಿವಿಯ ಮುಂದೆ ಕೂತಿದ್ದ ಕಾಕು ನನಗೆ ಫೋನ್ ಮಾಡಿ, “ಅವರ ಬುಕ್ಕು ಕೊಡಂಗಿಲ್ಲೇನು ಇನ್ನ?” ಎಂದು ಕೇಳಿದರು. ಏನು ಹೇಳಲಿ? ನೀವೇ ಹೇಳಿ, ಏನು ಹೇಳಬೇಕಿತ್ತು?

ಹೀಗೆ ಕೊಟ್ಟು ಕಾಯುವುದು ಘಟ್ಟದ ಮೇಲಿನವರಾದ ನಮಗೆ ಹೊಸದಲ್ಲ. ಕಾಕಾನ ಮೂಲ ಊರು ಹಳೆಯ ಸೂಪಾದ ಕಡೆ. ಅವರು ವಿಶಾಖಪಟ್ಟಣದಲ್ಲಿದ್ದ ಕಾಲದಲ್ಲಿ ಆಣೆಕಟ್ಟು ಎದ್ದು ಮನೆ, ಗದ್ದೆ, ದೇವರ ಕಟ್ಟೆ ಎಲ್ಲ ಕಾಳಿಯ ನೀರಿನಡಿ ಹೋದವು. ರಜೆಯಲ್ಲಿ ಬಂದವರಿಗೆ ಊರಿರಲಿಲ್ಲ. ವಿದ್ಯುತ್ತಿಗಾಗಿ ಊರು ಕೊಟ್ಟೆವು, ಕಾಗದದ ಕಾರ್ಖಾನೆಗೆ ಬಿದಿರು ಕೊಟ್ಟೆವು. ಕೆಳಗೆ ಕಾರವಾರದವರು ನೌಕಾನೆಲೆಗೆ ಮನೆ, ತೋಟ, ಮೀನು ಒಣಗಿಸುವ ದಡ ಕೊಟ್ಟರು. ಒಂದು ಪಿಂಚಣಿ ಕಾಗದ ಸರಿಮಾಡಿಸಲು ಎಂಬತ್ತು ದಾಟಿದವರೂ ಅಣಶಿ ಘಟ್ಟ ಇಳಿಯಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಸುತ್ತಿ ಹೋಗಬೇಕು. ಹೋದರೆ, “ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ.” ಕೊಡುವಾಗ ನಾವು ದೇಶಭಕ್ತರು, ಕೇಳುವಾಗ ಕಾಟ ಕೊಡುವವರು. ಮಾಜಿ ಸೈನಿಕರ ದಾಖಲೆ, ವಿಧವೆಯರ ಅರ್ಜಿ, ಸಂತ್ರಸ್ತರ ಕಡತ, ಎಲ್ಲವೂ ಒಂದೇ ಕಪಾಟಿನಲ್ಲಿ ಕೊಳೆಯುತ್ತಿವೆ. ಆ ಕಪಾಟಿನ ಬೀಗದ ಕೈ ಯಾರ ಬಳಿ ಇದೆ ಎಂಬುದು ನಿಮಗೂ ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯೂ ನಿಮಗಿಲ್ಲ.

ಸಿಂಧು ವರ್ಗದ ಸಿಂಧುಧ್ವಜ 2022ರಲ್ಲಿ ನಿವೃತ್ತವಾಯಿತು. ಆ ವರ್ಗದ ಉಳಿದವೂ ಒಂದೊಂದಾಗಿ ಹೊರಡುತ್ತಿವೆ. ಫಾಕ್ಸ್‌ಟ್ರಾಟ್‌ನಲ್ಲಿ ದುಡಿದವರಿಗೆ ಈಗ ಎಪ್ಪತ್ತು, ಎಂಬತ್ತು. ಅವರು ಕನ್ನಡದಲ್ಲಿ ಹೇಳುವುದನ್ನು ಕೂತು ಬರೆದುಕೊಳ್ಳುವವರು ಈಗಲೇ ಬರಬೇಕು. ಆ ಕೆಲಸವನ್ನು ನಿಮ್ಮಿಂದ ನಾನು ಇನ್ನು ಬಯಸುವುದಿಲ್ಲ. ನಾವೇ ಮಾಡಿಕೊಳ್ಳುತ್ತೇವೆ. ನಮ್ಮ ಹುಡುಗರ ಕೈಯಲ್ಲಿ ಫೋನ್ ಇದೆ, ಕೇಳುವ ತಾಳ್ಮೆ ಇದೆ. ಪುಸ್ತಕವೂ ನಿಮ್ಮಿಂದ ಬೇಡ, ಶಾಲೂ ಬೇಡ, ಮುಂದಿನ ಡಿಸೆಂಬರಿನ ಸಭೆಗೆ ಆಮಂತ್ರಣವೂ ಬೇಡ.

ಕಾಕಾನ ನೋಟ್‌ಬುಕ್ಕು ಬೇಕು. ಇದ್ದರೆ ಬೇರೆ ಯಾರ ಕೈಲೂ ಕಳಿಸದೆ ನೀವೇ ಹಳಿಯಾಳಕ್ಕೆ ತಂದು ಕಾಕುವಿನ ಕೈಗೆ ಕೊಡಿ. ಕಾಕಾನಿಂದ ಇಸಿದುಕೊಂಡದ್ದು ನಿಮ್ಮದೇ ಕೈ. ಕಳೆದುಹೋಗಿದ್ದರೆ, ಕಳೆದುಹೋಗಿದೆ ಎಂದು ಕಚೇರಿಯ ಕಾಗದದ ಮೇಲೆ ಕನ್ನಡದಲ್ಲಿ ಬರೆದು, ನಿಮ್ಮ ಹೆಸರಿನಲ್ಲಿ ರುಜು ಹಾಕಿ, ಮೊಹರು ಒತ್ತಿ ಕಳಿಸಿ. ಕಾಕುವಿಗೆ ನಾನೇ ಓದಿ ಹೇಳುತ್ತೇನೆ.

ಇತಿ,
ನೌಕಾಪಡೆಯ ಒಬ್ಬ ನಿವೃತ್ತ ನಾವಿಕ,
ಕೋಗಿಲಬನ, ದಾಂಡೇಲಿ