ಬೀಗ ಹಾಕಬೇಕಾದದ್ದು ಎಲ್ಲಿಗೆ?

ಎರಡನೇ ಪಾಳಿಗೆ ಹೊರಡುವ ಹೊತ್ತಿಗೆ ಮಗುವನ್ನು ಒಳಗೆ ಬಿಟ್ಟು, ಹೊರಗಿನಿಂದ ಬೀಗ ಜಡಿದು, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುವ ತಾಯಂದಿರು ನಮ್ಮ ಗಿರಣಿ ಸಾಲುಗಳಲ್ಲಿ ಅಪರೂಪವೇನಲ್ಲ. ಕಿಟಕಿಯ ಸರಳು ಹಿಡಿದು ನಿಂತ ಮಗುವನ್ನು ಕಂಡವರು 'ಎಂಥ ಕಲ್ಲೆದೆಯೋ!' ಎಂದು ಆಡಿಕೊಳ್ಳುವುದುಂಟು. ಹಾಗೆ ಆಡಿಕೊಳ್ಳುವವರು ಆ ತಾಯಿಯನ್ನು ಒಂದು ಮಾತು ಕೇಳಿ ನೋಡಲಿ. ಬಾಗಿಲು ತೆಗೆದರೆ ಎದುರಿಗೆ ಲಾರಿ ಓಡುವ ರಸ್ತೆ. ಪಕ್ಕದಲ್ಲಿ ಚಪ್ಪಡಿ ಕಿತ್ತುಹೋದ ಚರಂಡಿ. ಹಿತ್ತಲಿನಾಚೆ ನೀರು ಬಾರದೆ ಬಿಟ್ಟುಹೋದ ಕೊಳವೆ ಬಾವಿ. ಊರಿನ ಮೇಲೆ ಆಕೆಗೆ ನಂಬಿಕೆಯಿಲ್ಲ. ಅದು ತಪ್ಪೆಂದು ಹೇಳುವ ಧೈರ್ಯ ನಮಗೂ ಇಲ್ಲ.

೨೦೧೭ರ ಏಪ್ರಿಲ್ ತಿಂಗಳಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಆರು ವರ್ಷದ ಹೆಣ್ಣು ಮಗುವೊಂದು ತೆರೆದ ಕೊಳವೆ ಬಾವಿಗೆ ಬಿದ್ದಿತು. ಎರಡು ದಿನಕ್ಕೂ ಮೀರಿ ಮಣ್ಣು ಅಗೆದರು. ಮೇಲೆ ಬಂದದ್ದು ಹೆಣ. ೨೦೨೪ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಇನ್ನೂ ಎಳೆಯದಾದ ಗಂಡು ಮಗು ಬಿದ್ದಿತು. ಪಕ್ಕದಲ್ಲೇ ಗುಂಡಿ ತೋಡಿ ಸುಮಾರು ಇಪ್ಪತ್ತು ಗಂಟೆಗಳ ಮೇಲೆ, ಪುಣ್ಯಕ್ಕೆ, ಜೀವಂತವಾಗಿ ತೆಗೆದರು. ನಾಡೆಲ್ಲ ಚಪ್ಪಾಳೆ ತಟ್ಟಿತು; ತಟ್ಟಿದವರಲ್ಲಿ ನಾವೂ ಇದ್ದೆವು. ಆದರೆ ಈ ಬಾವಿಗಳ ಬಾಯಿ ಮುಚ್ಚಬೇಕೆಂದು ಸುಪ್ರೀಂ ಕೋರ್ಟು ೨೦೧೦ರಲ್ಲೇ ವಿಧಿಸಿತ್ತೆಂಬುದನ್ನು ಎಷ್ಟು ಮಂದಿ ನೆನೆದರು? ಬಾವಿ ತೋಡುವ ಹದಿನೈದು ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು. ತೋಡುವಾಗ ಸುತ್ತ ಮುಳ್ಳುತಂತಿ ಬಿಗಿಯಬೇಕು. ಕೊಳವೆಯ ಸುತ್ತ ಕಾಂಕ್ರೀಟು ಕಟ್ಟೆ ಕಟ್ಟಿ ಬಾಯಿಗೆ ಉಕ್ಕಿನ ಮುಚ್ಚಳ ಬೆಸೆಯಬೇಕು. ನೀರಿಲ್ಲವೆಂದು ಬಿಟ್ಟದ್ದನ್ನು ಮಣ್ಣು ಮರಳು ಕಲ್ಲು ಸುರಿದು ನೆಲಮಟ್ಟಕ್ಕೆ ತುಂಬಬೇಕು. ಇದರಲ್ಲಿ ಯಾವುದು ಆಗದ ಕೆಲಸ? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದರಲ್ಲಿ ನಮ್ಮ ಕಛೇರಿಗಳು ಪಳಗಿವೆ. ಮೊದಲೇ ಒಂದು ತಗಡು ಬೆಸೆಯುವುದು ಮಾತ್ರ ಯಾರ ಖಾತೆಗೂ ಸೇರಿದ ಕೆಲಸವಲ್ಲ.

ಮಕ್ಕಳನ್ನು ಎಷ್ಟು ಕಾಯಬೇಕು, ಎಷ್ಟು ಬಿಡಬೇಕು ಎಂಬ ಚರ್ಚೆ ವಿದ್ಯಾವಂತರ ಸಭೆಗಳಲ್ಲಿ ಆಗಾಗ ನಡೆಯುತ್ತದೆ. ತಂದೆತಾಯಿಗಳ ಸ್ವಭಾವದ ಪ್ರಶ್ನೆಯೆಂಬಂತೆ ಅವರು ಮಾತಾಡುತ್ತಾರೆ. ಕಾಂಪೌಂಡು ಗೋಡೆ, ಆಳು, ಅಂಗಳದಲ್ಲಿ ಹುಲ್ಲು ಇರುವವರಿಗೆ ಅದು ಸ್ವಭಾವದ ಪ್ರಶ್ನೆಯೇ ಇರಬಹುದು. ಒಂದೇ ಕೋಣೆಯ ಮನೆಯಲ್ಲಿ ಇಬ್ಬರೂ ದುಡಿಯುವವರಿಗೆ ಅದು ಪಾಳಿಯ ಪ್ರಶ್ನೆ, ಬೀದಿಯ ಪ್ರಶ್ನೆ. ಊರು ಕಾವಲಿಗೆ ನಿಂತರೆ ಮಗು ಬೀದಿಯಲ್ಲಿ ಓಡುತ್ತದೆ. ಊರು ಕೈಬಿಟ್ಟರೆ ತಾಯಿಗೆ ಉಳಿಯುವುದು ಬೀಗವೊಂದೇ. ಈಚೆಗೆ ಬೀಗದ ಜೊತೆಗೆ ಮೊಬೈಲೂ ಸೇರಿಕೊಂಡಿದೆ. ಬೈಯುವ ಮೊದಲು, ಆ ಮಗುವಿಗೆ ಬೇರೆ ಆಟದ ಜಾಗ ಎಲ್ಲಿದೆಯೆಂದು ತೋರಿಸಿಕೊಡಬೇಕು.

ಕಾರ್ಖಾನೆಯ ಶಿಶುಗೃಹದ ಕಥೆಯನ್ನೇ ನೋಡಿ. ೧೯೪೮ರ ಕಾರ್ಖಾನೆಗಳ ಕಾಯಿದೆಯು ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಇರಬೇಕೆಂದಿತು. ೧೯೭೬ರಲ್ಲಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿದರು. ಎಣಿಸಿದ್ದು ಹೆಂಗಸರನ್ನು ಮಾತ್ರ, ಮಗುವಿಗೆ ತಂದೆಯೇ ಇಲ್ಲವೆಂಬಂತೆ! ಹಾಜರಿ ಪುಸ್ತಕದಲ್ಲಿ ಹೆಂಗಸರ ಸಂಖ್ಯೆಯನ್ನು ಮೂವತ್ತಕ್ಕೇ ನಿಲ್ಲಿಸುವ ಮಾಲೀಕನಿಗೆ ಕೋಣೆಯ ಖರ್ಚೂ ಉಳಿಯಿತು, ಕಾಯಿದೆಯೂ ಮುರಿಯಲಿಲ್ಲ. ಕಡೆಗೆ ೨೦೧೭ರ ಹೆರಿಗೆ ಸೌಲಭ್ಯ ತಿದ್ದುಪಡಿ, ಗಂಡಸರು ಹೆಂಗಸರು ಸೇರಿ ಐವತ್ತು ಮಂದಿ ಇದ್ದಲ್ಲೆಲ್ಲ ಶಿಶುಗೃಹ ಬೇಕೆಂದಿತು. ಹತ್ತಿಪ್ಪತ್ತು ಆಳಿನ ಜಿನ್ನಿಂಗು, ಮಗ್ಗದ ಕೊಟ್ಟಿಗೆ, ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರ ಮಕ್ಕಳು ಆಗಲೂ ಲೆಕ್ಕಕ್ಕೆ ಬರಲಿಲ್ಲ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ೨೦೨೩ರಲ್ಲಿ ನಮ್ಮ ರಾಜ್ಯ ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯತೊಡಗಿತು. ಒಳ್ಳೆಯ ಕೆಲಸ, ಒಪ್ಪಿ ಹೊಗಳುತ್ತೇವೆ. ಗಿರಣಿ ಸಾಲಿನ ಕೂಸಿಗೂ ಒಂದು ಮನೆ ಬೇಡವೇ ಎಂದು ಕೇಳುವ ಹಕ್ಕನ್ನು ಮಾತ್ರ ಬಿಟ್ಟುಕೊಡೆವು. ಅಂಗನವಾಡಿ ಇದೆಯಲ್ಲ ಎನ್ನುವವರು ಎರಡನೇ ಪಾಳಿ ಬಿಡುವ ಹೊತ್ತಿಗೆ ಅದರ ಬಾಗಿಲ ಬಳಿ ಹೋಗಿ ನಿಂತು ಬರಲಿ.

ಇಷ್ಟು ಹೇಳಿ, ತಪ್ಪೆಲ್ಲ ಸರ್ಕಾರದ್ದು ಎಂದು ಕೈತೊಳೆದುಕೊಂಡರೆ ಅದು ಪ್ರಾಮಾಣಿಕತೆಯಾಗದು. ನಮ್ಮವರೇ ಹಾಕುವ ಬೀಗವೊಂದಿದೆ. ಏಳನೇ ತರಗತಿಯವರೆಗೆ ಕುಣಿದಾಡಿಕೊಂಡು ಶಾಲೆಗೆ ಹೋದ ಹುಡುಗಿ ಮೈನೆರೆದೊಡನೆ 'ಸೆರಗಿನಲ್ಲಿ ಕಟ್ಟಿಕೊಂಡ ಕೆಂಡ'ವಾಗುತ್ತಾಳೆ. ಕಾಲ ಕೆಟ್ಟಿದೆ, ಯಾರು ಕಾಯುವವರು, ಒಂದು ಕಡೆ ಸೇರಿಸಿಬಿಟ್ಟರೆ ಜವಾಬ್ದಾರಿ ಕಳೆಯಿತು ಎಂಬುದೇ ಮಾತು. ಹದಿನೆಂಟು ತುಂಬದ ಹುಡುಗಿಯ ಮದುವೆ ಮೊದಲಿನಿಂದಲೇ ಅಸಿಂಧು ಎಂದು ೨೦೧೬ರ ಕರ್ನಾಟಕ ತಿದ್ದುಪಡಿ ಕಾಯಿದೆ ಹೇಳುತ್ತದೆ. ಆದರೂ ಗುಟ್ಟಾಗಿ ನಡೆಯುವ ಮದುವೆಗಳಿಗೆ ಅಕ್ಕಿಕಾಳು ಹಾಕಲು ಸಂಘದ ಮುಖಂಡರೂ ಹೋಗುತ್ತಾರೆ. ಹೆಸರು ಬರೆಯುವುದಿಲ್ಲ, ಓದಿದರೆ ಅವರಿಗೇ ತಿಳಿಯುತ್ತದೆ. ಹುಡುಗಿಯನ್ನು ಕಾಯುವುದೆಂದರೆ ಹೇಗೆ ಎಂಬುದನ್ನು ಇದೇ ರಾಜ್ಯ ಒಮ್ಮೆ ತೋರಿಸಿತ್ತು. ೨೦೦೬-೦೭ರಲ್ಲಿ ಎಂಟನೇ ತರಗತಿಗೆ ಸೈಕಲು ಕೊಡತೊಡಗಿದಾಗ, ಒಂಟಿಯಾಗಿ ನಡೆಯಲು ಹೆದರುತ್ತಿದ್ದ ಹುಡುಗಿಯರು ಗುಂಪು ಕಟ್ಟಿಕೊಂಡು ಗಂಟೆ ಬಾರಿಸುತ್ತ ಪ್ರೌಢಶಾಲೆಗೆ ಹೋದರು. ಅಪ್ಪನ ಭಯಕ್ಕೂ ಮಗಳ ಆಸೆಗೂ ಅದೊಂದೇ ಉತ್ತರವಾಯಿತು. ಕೊರೋನಾ ಕಾಲದಲ್ಲಿ ಅದು ನಿಂತಾಗ ನಮ್ಮಲ್ಲಿ ಒಂದು ಮೆರವಣಿಗೆಯೂ ಹೊರಡಲಿಲ್ಲ. ಬಸ್ ದರಕ್ಕೆ ಹೊರಟಿತ್ತು!

ವ್ಯಾಪಾರಿ ಬಂಧುಗಳಿಗೂ ಒಂದು ಮಾತು. ಮಗ ಅಂಗಡಿಯಲ್ಲಿ ಕಣ್ಣೆದುರಿಗಿದ್ದರೆ ಕೆಡುವುದಿಲ್ಲ ಎಂಬುದು ನಿಮ್ಮ ನಂಬಿಕೆ. ತಕ್ಕಡಿ ಹಿಡಿದು, ಚೌಕಾಸಿ ಕಲಿತ ಹುಡುಗ ಲೆಕ್ಕದಲ್ಲಿ ಚುರುಕಾಗುತ್ತಾನೆ, ನಿಜ. ಆದರೆ ೨೦೧೬ರಲ್ಲಿ ತಿದ್ದಿದ ಬಾಲಕಾರ್ಮಿಕ ಕಾಯಿದೆ ಹದಿನಾಲ್ಕರೊಳಗಿನ ಮಗು ಮನೆಯ ಕಸುಬಿಗೆ ಕೈಗೂಡಿಸಲು ಬಿಟ್ಟಿರುವುದು ಶಾಲೆ ಮುಗಿದ ಮೇಲೆ ಮತ್ತು ರಜೆಯಲ್ಲಿ ಮಾತ್ರ. ರಾತ್ರಿ ಹತ್ತರವರೆಗೆ ಗಲ್ಲದ ಮುಂದೆ ತೂಕಡಿಸುವ ಹುಡುಗ ಮರುದಿನ ಪಾಠದಲ್ಲಿಯೂ ತೂಕಡಿಸುತ್ತಾನೆ. ಅವನಿಗೆ ಸಂಜೆ ಒಂದು ಗಂಟೆ ಚೆಂಡಾಟ ಬಿಟ್ಟುಕೊಟ್ಟರೆ ನಿಮ್ಮ ವ್ಯಾಪಾರ ಮುಳುಗದು.

ಚೆಂಡಾಡಲು ಬಯಲೆಲ್ಲಿ ಎಂದು ನೀವು ಕೇಳುವಿರಿ. ನಗರಸಭೆಯ ಮುಂದೆ ಇಡಬೇಕಾದ ಪ್ರಶ್ನೆಯೂ ಅದೇ. ಬಡಾವಣೆಯ ನಕ್ಷೆಯಲ್ಲಿ ಆಟದ ಬಯಲೆಂದು ಹಸಿರು ಬಳಿದ ತುಂಡುಗಳ ಪಟ್ಟಿ ಕೊಡಿ ಎಂದು ವಾರ್ಡಿನವರು ಅರ್ಜಿ ಹಾಕಲಿ. ಕೂಲಿ, ಬೋನಸ್ಸಿನ ಬೇಡಿಕೆ ಪತ್ರದಲ್ಲಿ ಶಿಶುಗೃಹ, ಅದೂ ಎರಡನೇ ಪಾಳಿ ಮುಗಿಯುವವರೆಗೆ ತೆರೆದಿರುವ ಶಿಶುಗೃಹ, ಮೊದಲ ಪುಟಕ್ಕೆ ಬರಲಿ. ತೆರೆದ ಬಾವಿ, ಚಪ್ಪಡಿಯಿಲ್ಲದ ಚರಂಡಿ ಕಂಡವರು ಜಾಗದ ಗುರುತು ಬರೆದು ಈ ಪತ್ರಿಕೆಯ ಕಛೇರಿಗೆ ಒಂದು ಚೀಟಿ ಕಳಿಸಿ. ಬಂದ ಚೀಟಿಗಳನ್ನೆಲ್ಲ ಕಟ್ಟಿ ಜಿಲ್ಲಾಧಿಕಾರಿಗಳ ಮೇಜಿಗೆ ಮುಟ್ಟಿಸುತ್ತೇವೆ. ಮುಚ್ಚಿದವು ಎಷ್ಟು, ಉಳಿದವು ಎಷ್ಟು ಎಂಬ ಲೆಕ್ಕವನ್ನು ವಾರವಾರವೂ ಇದೇ ಪುಟದಲ್ಲಿ ಹಾಕುತ್ತೇವೆ.