ಪ್ರಪಂಚ ಪರೀಕ್ಷೆಗೆ ಬರುತ್ತದೆಯೇ?

ರಾಜಾಜಿನಗರದಿಂದ ವಿಜಯನಗರದ ಮೂಲಕ ಕೆಂಗೇರಿಯವರೆಗೆ ಒಮ್ಮೆ ಸಾಗಿ ನೋಡಿ. ಎಲ್ಲೆಲ್ಲೂ ಟ್ಯೂಷನ್ ಫಲಕಗಳು: ಗಣಿತ, ವಿಜ್ಞಾನ, ಇಂಗ್ಲಿಷ್. ಲೋಕದ ಆಗುಹೋಗುಗಳನ್ನು ಕಲಿಸುತ್ತೇವೆಂಬ ಫಲಕ ಕಾಣಸಿಗುವುದು ಕಷ್ಟ. ನಾವು ಕೇಳಲಿಲ್ಲ, ಅವರು ಕೊಡಲಿಲ್ಲ.

ಕೊರತೆ ಪಠ್ಯದ್ದಲ್ಲ. ನಮ್ಮ ರಾಜ್ಯದ ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಭಾರತದ ವಿದೇಶಾಂಗ ನೀತಿಯಿದೆ, ವಿಶ್ವಸಂಸ್ಥೆಯಿದೆ, ಮಾನವ ಹಕ್ಕುಗಳಿವೆ, ಶಸ್ತ್ರಾಸ್ತ್ರ ಪೈಪೋಟಿಯೂ ಇದೆ. ಕೊರತೆ ಇರುವುದು ಓದಿಸುವ ಬಗೆಯಲ್ಲಿ. ವಿಶ್ವಸಂಸ್ಥೆ ಹುಟ್ಟಿದ್ದೆಂದು ಎಂದು ಕೇಳಿದರೆ ಮಕ್ಕಳು 1945ರ ಅಕ್ಟೋಬರ್ 24 ಎಂದು ಥಟ್ಟನೆ ಹೇಳುತ್ತಾರೆ. ಅದು ಯುದ್ಧವನ್ನು ಏಕೆ ತಡೆಯಲಿಲ್ಲ ಎಂದರೆ ಸುಮ್ಮನಾಗುತ್ತಾರೆ. ಉಕ್ರೇನಿನ ಮೇಲಿನ ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ 2022ರ ಫೆಬ್ರವರಿ 25ರಂದು ಭದ್ರತಾ ಮಂಡಳಿಯ 15 ಸದಸ್ಯ ರಾಷ್ಟ್ರಗಳಲ್ಲಿ 11 ಒಪ್ಪಿಗೆ ನೀಡಿದವು. ರಷ್ಯಾದ ಒಂದೇ ವೀಟೋ ಅದನ್ನು ಉರುಳಿಸಿತು. ಭಾರತ ಮತದಾನದಿಂದ ದೂರ ಉಳಿಯಿತು. ಆ ನಿಲುವು ಸರಿಯೇ? ಈ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತಿದರೆ ಎರಡು ಅಧ್ಯಾಯಗಳಿಗೆ ಜೀವ ಬರುತ್ತದೆ.

ದೂರದ ಜಗಳ ನಮಗೇಕೆ ಎನ್ನುವಿರಾ? ಅದಾದ ನಾಲ್ಕೇ ದಿನಕ್ಕೆ, ಮಾರ್ಚ್ 1ರಂದು, ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಖಾರ್ಕಿವ್ ನಗರದಲ್ಲಿ ಶೆಲ್ ದಾಳಿಗೆ ಬಲಿಯಾದನು. ನಾವು ಆಮದು ಮಾಡಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಉಕ್ರೇನಿನದೇ ಆಗಿದ್ದರಿಂದ ಅದರ ಬಿಸಿ ನಮ್ಮ ಒಗ್ಗರಣೆಗೂ ತಟ್ಟಿತು. 2020ರಲ್ಲಿ ವಿದೇಶಿ ಬ್ರಾಂಡ್‌ಗಳು ಆರ್ಡರ್‌ಗಳನ್ನು ರದ್ದುಗೊಳಿಸಿದಾಗ ಕೆಲಸ ಕಳೆದುಕೊಂಡವರಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳೂ ಇದ್ದರು. ಲೋಕ ನಮ್ಮ ಹೊಸ್ತಿಲು ದಾಟಿ ಒಳಗೆ ಬಂದಾಗಿದೆ. ಬಾಗಿಲು ಮುಚ್ಚಿಕೊಂಡಿರುವುದು ತರಗತಿಯೊಂದೇ.

ಶಿಕ್ಷಕರು ತಮ್ಮ ಪಕ್ಷದ ರಾಜಕೀಯವನ್ನು ತುಂಬಿಬಿಟ್ಟರೆ ಎಂಬ ಅಂಜಿಕೆ ಕೆಲವರದು. ಅಂಜಿಕೆ ನ್ಯಾಯವಾದದ್ದೇ. ಆದರೆ ಶಾಲೆ ಸುಮ್ಮನಿದ್ದರೆ ಮಕ್ಕಳೇನೂ ಸುಮ್ಮನಿರುವುದಿಲ್ಲ. ಅದೇ ಯುದ್ಧವನ್ನು ವಾಟ್ಸಾಪ್ ಅವರಿಗೆ ಕಲಿಸುತ್ತದೆ. ಅಲ್ಲಿ ನಕ್ಷೆಯಿಲ್ಲ, ಇತಿಹಾಸವಿಲ್ಲ, ಎದುರು ಪ್ರಶ್ನೆ ಕೇಳುವವರೂ ಇಲ್ಲ. ಪಕ್ಷಪಾತಕ್ಕೆ ಮದ್ದು ಮೌನವಲ್ಲ. ಒಂದೇ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿಸಿ, ಯಾವುದು ಸಂಗತಿ, ಯಾವುದು ಅಭಿಪ್ರಾಯ ಎಂದು ಬಿಡಿಸಿ ತೋರಿಸುವುದೇ ಮದ್ದು.

ಆದುದರಿಂದ ದೂರು ಶಾಲೆಯ ಮೇಲಷ್ಟೇ ಅಲ್ಲ, ನಮ್ಮ ಮೇಲೆಯೇ ಇದೆ. ಮಕ್ಕಳು ದಿನಪತ್ರಿಕೆ ಹಿಡಿದರೆ "ಇದು ಪರೀಕ್ಷೆಗೆ ಬರುತ್ತದೆಯೇ?" ಎಂದು ಗದರುವವರು ನಾವೇ. ಭಾನುವಾರ ಗುಡಿಯಲ್ಲಿ ಯುದ್ಧಪೀಡಿತ ನಾಡುಗಳಿಗಾಗಿ ಪ್ರಾರ್ಥಿಸುತ್ತೇವೆ. ಆ ನಾಡು ಎಲ್ಲಿದೆ, ಅಲ್ಲಿನ ಜನ ಏಕೆ ಅಳುತ್ತಿದ್ದಾರೆ ಎಂದು ಮನೆಗೆ ಬಂದು ಮಕ್ಕಳಿಗೆ ತೋರಿಸಿದ್ದೇವೆಯೇ?

ಮುಂದಿನ ಪೋಷಕರ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಮಾಡುವ ಮುನ್ನ ಒಂದು ಮಾತು ಕೇಳಿ: ವಾರಕ್ಕೊಂದು ಪಿರಿಯಡ್, ಗೋಡೆಗೊಂದು ಭೂಪಟ, ಎರಡು ದಿನಪತ್ರಿಕೆ. ಇಷ್ಟನ್ನು ಒದಗಿಸಲು ಯಾವ ಶಾಲೆಯೂ ಬಡವಾಗಲಾರದು.